ಒಂಬತ್ತರ ನಂಬರಿನ ಬೂಟು

ಅರಸೀಕೆರೆ ಸ್ಟೇಷನ್ ರಸ್ತೆ, ಕೊಬ್ಬರಿ ಮಂಡಿಯ ಎದುರು
ನನ್ನ ಗೋಣಿತಾಟು, ಆರಿ, ರಂಪಿಗೆ, ಮೂರುಕಾಲಿನ ಕಬ್ಬಿಣ.
ತಲೆಯ ಮೇಲೆ ಫ್ಲೆಕ್ಸು:
ಹಸಿರು ಸಮವಸ್ತ್ರದಲ್ಲಿ ಕ್ಯಾಪ್ಟನ್ ಮರುಳಾರಾಧ್ಯ,
ಕೈಯೆತ್ತಿ ಸೆಲ್ಯೂಟು.
ಮಧ್ಯಾಹ್ನದ ಹೊತ್ತು ಅವರ ನೆರಳೇ ನನಗೆ ನೆರಳು.
ಸುಳ್ಳು ಯಾಕೆ ಹೇಳಲಿ, ಅಷ್ಟು ಋಣ ಇದೆ.

ಈ ಸಲ ಊರಲ್ಲೆಲ್ಲ ಒಂದೇ ಮಾತು:
ಮಾಡಿದ್ದನೋ, ಇಲ್ಲವೋ?
ಟೆರಿಟೋರಿಯಲ್ ಆರ್ಮಿ, ವರ್ಷಕ್ಕೆ ಎರಡು ತಿಂಗಳ ಸಿಪಾಯಿಗಿರಿ,
ಹೋಗಿದ್ದನೋ, ಇಲ್ಲಾ ಹಾಸನದ ಲಾಡ್ಜಿನಲ್ಲಿ
ಇಸ್ಪೀಟು ಕಲೆಸುತ್ತಾ ಕೂತಿದ್ದನೋ?
ಒಬ್ಬರು ದಾಖಲೆ ಕೇಳಿದರು.
ಕೇಳಿದ್ದೇ ದೇಶದ್ರೋಹ ಅಂದರು ಇನ್ನೊಬ್ಬರು.
ಕಡೆಗೆ ಬಂತು ಹಾಜರಿ ಪುಸ್ತಕ:
ಅರವತ್ತು ದಿನಕ್ಕೆ ಅರವತ್ತು ಟಿಕ್ಕು,
ಎಲ್ಲ ಒಂದೇ ಶಾಯಿ, ಒಂದೇ ಓರೆ,
ಒಂದೇ ಸಂಜೆ ಕೂತು ಬರೆದ ಹಾಗೆ.

ಬೂಟನ್ನು ಯಾರೂ ಕೇಳಲಿಲ್ಲ.

ನಾನು ಆ ಪಟಾಲಮ್ಮಿನ ಮೋಚಿ.
ನಂಬರು ಇತ್ತು, ಪಗಾರ ಇತ್ತು,
ಮೂಡ್ಲಯ್ಯ ಅನ್ನುವ ಹೆಸರು ಅಷ್ಟಾಗಿ ಬೇಕಾಗುತ್ತಿರಲಿಲ್ಲ.
ತೊಂಬತ್ತೊಂದರ ಶಿಬಿರ, ಐವತ್ತೇಳನೇ ರಾತ್ರಿ
ಸುಬೇದಾರ್ ಸಾಹೇಬರು ಡೇರೆಗೆ ಬಂದು
ಒಂದು ಜೊತೆ ಮುಂದಿಟ್ಟರು. ಒಂಬತ್ತರ ನಂಬರು.
ಅಟ್ಟೆ ತಿರುವಿ ನೋಡಿದೆ: ಕಾರ್ಖಾನೆಯ ಬಿಳಿ ಮುದ್ರೆ ಹಾಗೇ ಇತ್ತು.
ಎಳೆಗೂಸಿನ ಅಂಗಾಲು; ಒಂದು ಗೆರೆ ಮಣ್ಣಿಲ್ಲ.
'ನಾಡಿದ್ದು ಇನ್‌ಸ್ಪೆಕ್ಷನ್. ಸವೆಸಿಡು' ಅಂದರು.

ಉಪ್ಪುಕಾಗದ ಹಿಡಿದು ಉಜ್ಜಿದೆ. ಆಗಲಿಲ್ಲ.
ಉಜ್ಜಿದ್ದು ಉಜ್ಜಿದ ಹಾಗೇ ಕಾಣುತ್ತೆ,
ನಡೆದದ್ದು ಬೇರೆ.
ನನ್ನದು ಏಳರ ಕಾಲು. ತುದಿಗೆ ಹಳೇ ಪೇಪರು ತುರುಕಿ
ಬಿಗಿಯಾಗಿ ಲೇಸು ಕಟ್ಟಿ
ಎರಡು ರಾತ್ರಿ ಮೈದಾನ ಸುತ್ತಿದೆ,
ಎಡ, ಬಲ, ಎಡ, ಬಲ,
ಜಲ್ಲಿಯ ಮೇಲೆ, ಕೆಸರಲ್ಲಿ, ಕಕ್ಕಸಿನ ಹಿಂದಿನ ಮುಳ್ಳಲ್ಲಿ.
ಕಾವಲಿನ ಹುಡುಗ 'ಯಾರಲ್ಲಿ?' ಅಂದ.
'ಮರುಳಾರಾಧ್ಯ ಸಾಹೇಬರು' ಅಂದೆ.
ಕತ್ತಲಲ್ಲಿ ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆದ.
ಜೀವಮಾನದಲ್ಲಿ ನನಗೆ ಬಿದ್ದ ಸೆಲ್ಯೂಟು ಅದೊಂದೇ.

ಅದಕ್ಕೆ ಸಿಕ್ಕಿದ್ದು ಅರ್ಧ ಬಾಟಲಿ ರಮ್ಮು, ನಾಲ್ಕು ದಿನ ರಜ.
ಬೇಡ ಅನ್ನಲಿಲ್ಲ.

ಈಗ ಹುಳಿಯಾರು ರಸ್ತೆಯ ಪಾರ್ಟಿ ಆಫೀಸಿನಲ್ಲಿ
ಗಾಜಿನ ಪೆಟ್ಟಿಗೆಯೊಳಗೆ ಅದೇ ಜೊತೆ.
ಅಟ್ಟೆ ಕಾಣಲಿ ಅಂತ ಓರೆಗೆ ಮಲಗಿಸಿದ್ದಾರೆ.
'ನಾಡಿಗಾಗಿ ಸವೆದ ಹೆಜ್ಜೆ' ಅಂತ ಚೀಟಿ, ಚೆಂಡುಹೂವಿನ ಹಾರ.
ನೋಡಿ ಬಂದೆ. ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು.

ನಿನ್ನೆ ವಕೀಲೆ ತಹ್ಸೀನಾ ಕಿತ್ತ ಚಪ್ಪಲಿ ಚಾಚಿ ಕೇಳಿದಳು:
'ಅಜ್ಜ, ಆ ಶಿಬಿರದಲ್ಲಿ ಇದ್ದೆಯಂತೆ. ಅವರು ಮಾಡಿದ್ದರಾ?'
ದಾರಕ್ಕೆ ಮೇಣ ತೀಡುತ್ತಾ ಯೋಚಿಸಿದೆ.
ಇಲ್ಲ ಅಂದರೆ, ಬೂಟು ನಡೆದಿದೆಯಲ್ಲ.
ಹೌದು ಅಂದರೆ, ಈ ಮಂಡಿ ಸುಮ್ಮನಿರುತ್ತಾ?
'ಎಡಗಾಲಿನ ಹಿಮ್ಮಡಿ ನೋಡವ್ವ' ಅಂದೆ,
'ಹೊರಮಗ್ಗುಲು ತಿಂದುಹೋಗಿದೆ.
ವೋಟು ಕೇಳೋಕೆ ಬರ್ತಾರಲ್ಲ, ಹಿಂದಿನಿಂದ ನಡಿಗೆ ನೋಡು.
ಸಾಹೇಬರದು ನೆಟ್ಟಗಿನ ಕಾಲು.'
'ಹಾಗಾದರೆ ಯಾರ ಕಾಲು?'
ಹದಿನೈದು ರೂಪಾಯಿ ಅಂದೆ. ಕೊಟ್ಟು ಹೋದಳು.

ಎಡಗಾಲನ್ನು ಹೊರಕ್ಕೆ ಎಸೆದು ನಡೆಯುವುದು
ನನ್ನಪ್ಪನಿಂದ ಬಂದದ್ದು;
ಡ್ರಿಲ್ ಹವಾಲ್ದಾರ್ ಬೈದೂ ಬೈದೂ ಕೈಬಿಟ್ಟಿದ್ದ.

ಸಂಜೆ ತಾಟು ಸುತ್ತಿ, ರೈಲ್ವೆ ಗೇಟು ದಾಟುವಾಗ
ಬೆನ್ನಿಗೆ ಏನೋ ತಾಕಿದ ಹಾಗಾಯಿತು.
ತಿರುಗಿದರೆ ಅವಳು, ಕೊಬ್ಬರಿ ಲಾರಿಯ ಪಕ್ಕ,
ನನ್ನ ಮುಖ ಬಿಟ್ಟು ಕಾಲನ್ನೇ ನೋಡುತ್ತಾ.

ನೆಟ್ಟಗೆ ನಡೆಯೋಣ ಅಂದುಕೊಂಡೆ.
ಬಲಗಾಲು ಒಪ್ಪಿತು.